ಬ್ಯಾಗಿಗೆ ಕಾಲು ನೋವು

ಕುರ್ಚಿ ಕಂಡ ಕೂಡಲೇ ಕೂರುವವಳು ನಾನು. ಮದುವೆ ಮನೆಯಲ್ಲಿ ಎಲೆ ಹಾಕುವ ಮೊದಲೇ ಪಂಕ್ತಿಯಲ್ಲಿ ಕೂತಿರುತ್ತೇನೆ. ಬಟ್ಟೆ ಅಂಗಡಿಯಲ್ಲಿ ಗಂಡ ಶರ್ಟು ಆರಿಸುತ್ತಿದ್ದರೆ, ವಯಸ್ಸಾದವರಿಗೆಂದು ಅಂಗಡಿಯವರು ಇಟ್ಟ ಸ್ಟೂಲಿನ ಮೇಲೆ ನಾನಿರುತ್ತೇನೆ. ದಾವಣಗೆರೆಯಲ್ಲಿ ನಮ್ಮಮ್ಮ, "ಇವಳನ್ನ ಕೂರಿಸೋದು ಸುಲಭ, ಎಬ್ಬಿಸೋಕೆ ನಾಲ್ಕು ಜನ ಬೇಕು" ಎನ್ನುತ್ತಿದ್ದಳು. ಇಂಥವಳಿಗೆ ದೇವರು ಕೊಟ್ಟ ಉದ್ಯೋಗ ಕಟ್ಟಡದ ಇಂಜಿನಿಯರು. ಅದೂ ಸಾಲದೆಂದು, ಸೈಟಿನಲ್ಲಿ ಒಂದು ದಿನವೂ ಕೂರದ ಹೆಂಗಸೊಬ್ಬರ ಕೈಕೆಳಗೆ ತಂದು ಹಾಕಿದ.

ಅವರು ಹೋದ ತಿಂಗಳು ನಿವೃತ್ತರಾದರು. ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ. ಹೇಗೂ ಆಫೀಸಿನಲ್ಲಾಗಲಿ ಸೈಟಿನಲ್ಲಾಗಲಿ ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಮೇಡಂ ಅಂದರೆ ಅವರೇ. ನಾನು 'ಸಣ್ಣ ಮೇಡಂ'. ಆ ಸಣ್ಣ ಎನ್ನುವುದಕ್ಕೂ ನನ್ನ ಆಕಾರಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹಲಸೂರು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಒಂದು ಬೀಗದ ಅಂಗಡಿಯ ಮೇಲೆ ನಮ್ಮ ಆಫೀಸು. ಮನೆಗೆ, ಅಪಾರ್ಟ್‌ಮೆಂಟಿಗೆ ಎಷ್ಟು ಕಂಬಿ ಬೇಕು, ಕಂಬ ಎಷ್ಟು ದಪ್ಪ ಇರಬೇಕು ಎಂದು ನಕ್ಷೆ ಮಾಡಿ ಕೊಡುವುದು, ಮೋಲ್ಡ್ ಹಾಕುವ ದಿನ, ಅಂದರೆ ಛಾವಣಿಗೆ ಕಾಂಕ್ರೀಟು ಸುರಿಯುವ ದಿನ, ಹೋಗಿ ನಿಂತು ನೋಡುವುದು ನಮ್ಮ ಕೆಲಸ. ಇದರಲ್ಲಿ 'ನಿಂತು' ಎನ್ನುವ ಮಾತು ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಮೇಡಂ ನನ್ನ ಹೆಗಲಿನ ಮಟ್ಟಕ್ಕಿದ್ದರು. ಕಾಟನ್ ಸೀರೆಯನ್ನು ಪಾದದಿಂದ ಒಂದು ಗೇಣು ಮೇಲಕ್ಕೆ ಉಟ್ಟು, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಹೆಲ್ಮೆಟ್ಟಿನ ಹಿಂದಿನಿಂದ ಒಂದು ತುಂಡು ಮಲ್ಲಿಗೆ ಇಣುಕುತ್ತಿತ್ತು. ಹುಟ್ಟಿ ಬೆಳೆದದ್ದೆಲ್ಲ ಹಲಸೂರಿನಲ್ಲೇ. ಮನೆಮಾತು ತಮಿಳು, ಕನ್ನಡ ಬೀದಿಯಲ್ಲಿ ಕಲಿತದ್ದು, ಕಂಬಿ ಕಟ್ಟುವವರ ಜೊತೆ ಜಗಳವಾಡುತ್ತಾ ಕಲಿತ ದಖನಿ ಬೇರೆ. ಮೂರರಲ್ಲೂ ಬೈಯುತ್ತಿದ್ದರು. ಹೊಗಳಲು ಮಾತ್ರ ಅವರಿಗೆ ಒಂದು ಭಾಷೆಯೂ ಬರುತ್ತಿರಲಿಲ್ಲ. ನಾನು ಮಾಡಿದ ಮೊದಲ ನಕ್ಷೆಯನ್ನು ಕನ್ನಡಕ ಏರಿಸಿ ಇಳಿಸಿ ನೋಡಿ, "ಪರವಾಗಿಲ್ಲ, ಬೀಳಲ್ಲ" ಎಂದರು. ಅದನ್ನೇ ಹೊಗಳಿಕೆ ಎಂದುಕೊಂಡು ನಾನು ಸಂಜೆ ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಸ್ವೀಟು ಕೊಂಡು ಮನೆಗೆ ಹೋದೆ.

ಅವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಸೈಟಿನ ಒಂದು ಮರ್ಯಾದೆಯನ್ನು ಹೇಳಬೇಕು. ಗಂಡಸು ಇಂಜಿನಿಯರ್ ಬಂದರೆ ಮೇಸ್ತ್ರಿ ಸಲಾಮು ಹೊಡೆದು ಏಣಿ ತೋರಿಸುತ್ತಾನೆ. ಹೆಂಗಸು ಇಂಜಿನಿಯರ್ ಬಂದರೆ, "ಏಯ್, ಮೇಡಮ್ಮೋರಿಗೆ ಕುರ್ಚಿ ಹಾಕ್ರೋ!" ಎಂದು ಕೂಗುತ್ತಾನೆ. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸಿ ನೆರಳಿನಲ್ಲಿ ಹಾಕುತ್ತಾರೆ. ಎಳನೀರು ಬರುತ್ತದೆ. ಆಮೇಲೆ ಮೇಸ್ತ್ರಿಯೇ ಮೇಲೆ ಹೋಗಿ ನೋಡಿಬಂದು, "ಎಲ್ಲಾ ಓಕೆ ಐತೆ ಮೇಡಂ" ಎನ್ನುತ್ತಾನೆ. ಕೂತವಳು ತಲೆಯಾಡಿಸುತ್ತಾಳೆ. ಇದರಲ್ಲಿ ಯಾರದೂ ಕೆಟ್ಟ ಮನಸ್ಸಿಲ್ಲ. ಇಷ್ಟು ಚೆಂದದ ಏರ್ಪಾಡನ್ನು ನಾನಂತೂ ಜೀವನದಲ್ಲಿ ಕಂಡಿರಲಿಲ್ಲ.

ಮೇಡಂಗೂ ಕುರ್ಚಿ ಬರುತ್ತಿತ್ತು. ಅವರು ಅದನ್ನು ಬೇಡ ಎನ್ನುತ್ತಿರಲಿಲ್ಲ. "ಥ್ಯಾಂಕ್ಸ್‌ಪ್ಪಾ" ಎಂದು ತಮ್ಮ ದೊಡ್ಡ ಕಂದು ಬ್ಯಾಗನ್ನು ಅದರ ಮೇಲೆ ಕೂರಿಸಿ, ಏಣಿ ಹತ್ತಿಬಿಡುತ್ತಿದ್ದರು. ಯಾರಾದರೂ, "ನೀವು ಕೂತ್ಕೊಳ್ಳಿ ಮೇಡಂ" ಎಂದರೆ, "ಬ್ಯಾಗಿಗೆ ಕಾಲು ನೋವು. ಪಾಪ, ಅದು ಕೂತ್ಕೊಳ್ಳಲಿ" ಎನ್ನುತ್ತಿದ್ದರು. ನಾನು ಆ ಬ್ಯಾಗಿನ ಪಕ್ಕದ ಇನ್ನೊಂದು ಕುರ್ಚಿಯಲ್ಲಿ ಕೂತು, ಅದಕ್ಕೆ ಜೊತೆಯಾಗಿರುತ್ತಿದ್ದೆ.

ಒಮ್ಮೆ ಪುಲಿಕೇಶಿನಗರದ ಒಂದು ಮನೆಗೆ ಮೇಡಂ ಯಜಮಾನರು ಅವರನ್ನು ಸ್ಕೂಟರಿನಲ್ಲಿ ಬಿಟ್ಟುಹೋಗಲು ಬಂದಿದ್ದರು. ಅವರು ಬ್ಯಾಂಕಿನಲ್ಲಿ ಗುಮಾಸ್ತರು. ಮನೆ ಓನರು ಮೇಡಂ ಕಡೆ ಬೆನ್ನು ತಿರುಗಿಸಿ ಆ ಯಜಮಾನರನ್ನು ಹಿಡಿದುಕೊಂಡು, ನಡುವಿನ ಒಂದು ಕಂಬ ತೆಗೆದರೆ ಹಾಲ್ ದೊಡ್ಡದಾಗುತ್ತಲ್ಲವೇ ಎಂದು ಅರ್ಧ ಗಂಟೆ ಚರ್ಚಿಸಿದರು. ಯಜಮಾನರು ಹೆಲ್ಮೆಟ್ ತೆಗೆಯದೆ ಗಂಭೀರವಾಗಿ ತಲೆದೂಗಿ, ಕೊನೆಗೆ, "ಅವಳು ಬೇಡ ಅಂದ್ರೆ ಬೇಡ ಸಾರ್. ಮನೇಲೂ ಹಂಗೇ" ಎಂದು ಸ್ಕೂಟರ್ ಸ್ಟಾರ್ಟ್ ಮಾಡಿದರು. ಕಂಬ ಉಳಿಯಿತು.

ಇನ್ನೊಂದು ವಿಷಯ ಬರೆಯಲು ಸ್ವಲ್ಪ ಸಂಕೋಚ, ಆದರೆ ಅದಿಲ್ಲದೆ ಮೇಡಂ ಪೂರ್ತಿಯಾಗುವುದಿಲ್ಲ. ಸೈಟಿಗೆ ಹೋಗುವ ಹೆಂಗಸಿನ ಮೊದಲ ತೊಂದರೆ ಕಂಬಿಯೂ ಅಲ್ಲ, ಸಿಮೆಂಟೂ ಅಲ್ಲ, ಶೌಚಾಲಯ. ನಾನು ಇದಕ್ಕೆ ಕಂಡುಕೊಂಡ ಪರಿಹಾರ, ಬೆಳಿಗ್ಗೆಯಿಂದ ನೀರೇ ಕುಡಿಯದಿರುವುದು. ಫಲವಾಗಿ ಉರಿಮೂತ್ರ ಬಂದು ಮಾಸ್ಕ್ ರೋಡಿನ ಲೇಡಿ ಡಾಕ್ಟರ ಕೈಲಿ, "ನೀನು ಇಂಜಿನಿಯರಾ ಒಂಟೆಯಾ?" ಎಂದು ಬೈಸಿಕೊಂಡೆ. ಮೇಡಂ ಮಾತ್ರ ದೊಡ್ಡ ಬಾಟಲಿ ತುಂಬ ನೀರು ಕುಡಿಯುತ್ತಿದ್ದರು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಎಲ್ಲಿ ನಿಲ್ಲಬಹುದೆಂದು ಅವರಿಗೆ ಬಾಯಿಪಾಠ. ಒಂದು ಬಿರಿಯಾನಿ ಹೋಟೆಲಿನ ಫ್ಯಾಮಿಲಿ ರೂಮಿನ ಪಕ್ಕದ್ದು, ಇಂದಿರಾನಗರದಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನದು, ಹಳೇ ಮದ್ರಾಸ್ ರಸ್ತೆಯ ಒಂದು ಪೆಟ್ರೋಲ್ ಬಂಕಿನದು. ಆಟೋದವರು ಟ್ರಾಫಿಕ್ ನೋಡಿ ದಾರಿ ಹಿಡಿದರೆ ಇವರು ಈ ಲೆಕ್ಕದಲ್ಲಿ ದಾರಿ ಹೇಳುತ್ತಿದ್ದರು. ಆ ಕ್ಲಿನಿಕ್ಕಿಗೆ ಸುಮ್ಮನೆ ನುಗ್ಗಲು ನಾಚಿಕೆಯಾಗಿ, ಒಂದೂ ನೋಯದಿದ್ದ ಹಲ್ಲುಗಳನ್ನು ವರ್ಷಕ್ಕೊಮ್ಮೆ ಕ್ಲೀನ್ ಮಾಡಿಸಿಕೊಳ್ಳುತ್ತಿದ್ದರು.

ಹೊಸ ಸೈಟಿನಲ್ಲಿ ಪಾಯ ತೋಡುವ ಮೊದಲೇ ತಗಡಿನ ಶೌಚಾಲಯ ಎದ್ದಿರಬೇಕು, ಬಾಗಿಲಿಗೆ ಒಳಗಿನಿಂದ ಚಿಲಕ ಇರಬೇಕು. ಮೇಡಂ ಒಳಗೆ ಹೋಗಿ ಚಿಲಕ ಹಾಕಿಕೊಂಡು ಬಾಗಿಲನ್ನು ಗಡಗಡ ಅಲ್ಲಾಡಿಸುತ್ತಿದ್ದರು. ಇಡೀ ತಗಡಿನ ಡಬ್ಬ ನಡುಗುತ್ತಿತ್ತು. ಮೇಸ್ತ್ರಿ, ಓನರು, ನಾನು ಹೊರಗೆ ಎತ್ತಲೋ ನೋಡುತ್ತಾ ನಿಂತಿರುತ್ತಿದ್ದೆವು. ಚಿಲಕ ತಡೆದರೆ ಹೊರಗೆ ಬಂದು, "ಹ್ಞೂಂ, ತೋಡಿ" ಎನ್ನುತ್ತಿದ್ದರು. "ಲೇಬರ್‌ಗೆಲ್ಲಾ ಇಷ್ಟು ಯಾಕೆ ಮೇಡಂ?" ಎಂದು ಓನರು ಗೊಣಗಿದರೆ, "ಲೇಬರ್‌ಗಲ್ಲ ಸಾರ್, ನಂಗೆ ಬೇಕು" ಎಂದು ಹೇಳುತ್ತಿದ್ದರು. ಆಮೇಲೆ ಆಟೋದಲ್ಲಿ ನನ್ನ ತೊಡೆಗೆ ತಿವಿದು, "ಬಾಂಡ್ಲಿ ಹೊರೋ ಹೆಂಗಸ್ರಿಗೆ ಅಂದ್ರೆ ಕಟ್ಸಲ್ಲಮ್ಮಾ. ನಂಗೆ ಅಂದ್ರೆ ನಾಚ್ಕೊಂಡು ಕಟ್ಸ್ತಾರೆ" ಎಂದು ನಕ್ಕರು.

ಅವರನ್ನು ಮಹಾತಾಯಿ ಎಂದು ತಿಳಿಯಬೇಡಿ. ಅವರ ಡಬ್ಬಿಯಲ್ಲಿ ವಾರವಿಡೀ ಮೊಸರನ್ನ, ಅದೇ ನಿಂಬೆಕಾಯಿ ಉಪ್ಪಿನಕಾಯಿ. ಒಮ್ಮೆ ಪ್ರೀತಿಯಿಂದ ಪುಳಿಯೋಗರೆ ಮಾಡಿ ತಂದಿದ್ದರು, ಅದನ್ನು ತಿಂದವರು ಮೊಸರನ್ನವೇ ವಾಸಿ ಎಂದರು. ಮಗಳ ಸ್ಕೂಲ್ ಡೇಗೆ ಹೋದದ್ದು ಅಪರೂಪ. ಮನೆ, ಆಫೀಸು ಎರಡನ್ನೂ ಹೇಗೆ ನಿಭಾಯಿಸ್ತೀರಿ ಎಂದು ಯಾರೋ ಮಹಿಳಾ ದಿನಾಚರಣೆಯಲ್ಲಿ ಮೈಕು ಹಿಡಿದು ಕೇಳಿದಾಗ, "ನಿಭಾಯ್ಸಲ್ಲ. ಮನೇಲಿ ನಾನು ಫೇಲು" ಎಂದು ಮೈಕು ವಾಪಸ್ ಕೊಟ್ಟರು. ಸಭೆಯಲ್ಲಿ ಚಪ್ಪಾಳೆ ಹೊಡೆಯುವುದೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ನಾನು ಹೊಡೆದೆ, ಒಬ್ಬಳೇ, ಎರಡು ಸಲ, ಆಮೇಲೆ ನಿಲ್ಲಿಸಿದೆ.

ಹೀಗಿರುವಾಗ ನನಗೆ ಮಗಳು ಹುಟ್ಟಿದಳು. ರಜೆ ಮುಗಿಸಿ ಬಂದಾಗ ನಮ್ಮ ಸಾಹೇಬರು ಎದ್ದು ಬಂದು ಬಾಗಿಲಲ್ಲೇ ಮಾತಾಡಿಸಿದರು. ಅವರು ಒಳ್ಳೆಯವರು, ಇದನ್ನು ಕೊಂಕಾಗಿ ಹೇಳುತ್ತಿಲ್ಲ. "ಪುಟ್ಟ ಮಗು ಇದೆ, ನೀವ್ಯಾಕಮ್ಮಾ ಬಿಸಿಲಲ್ಲಿ ಒದ್ದಾಡ್ಬೇಕು? ಸ್ವಲ್ಪ ದಿನ ಆಫೀಸಲ್ಲೇ ಇರಿ" ಎಂದರು. ನಾನು ಕಣ್ಣಲ್ಲಿ ನೀರು ತಂದುಕೊಂಡು ಥ್ಯಾಂಕ್ಸ್ ಹೇಳಿದೆ. ಮೀಟಿಂಗಿನಲ್ಲಿ ಯಾರು ಏನೆಂದರು ಎಂದು ಬರೆದುಕೊಳ್ಳುವುದು, ಟೆಂಡರು ಟೈಪ್ ಮಾಡುವುದು, ಹುಟ್ಟುಹಬ್ಬಕ್ಕೆ ಕೇಕು ತರಿಸುವುದು ನನ್ನ ಕೆಲಸವಾಯಿತು. ಸಂಜೆ ಆರರ ಮೇಲಿನ ಮೀಟಿಂಗಿಗೆ ನನ್ನನ್ನು ಕರೆಯುತ್ತಿರಲಿಲ್ಲ, ಅದೂ ಕನಿಕರದಿಂದಲೇ. ಆದರೆ ಯಾವ ಸೈಟು ಯಾರಿಗೆ ಎಂದು ತೀರ್ಮಾನವಾಗುತ್ತಿದ್ದದ್ದು ಆರರ ಮೇಲೆಯೇ. ಬಾಣಸವಾಡಿಯಿಂದ ದೊಮ್ಮಲೂರಿನವರೆಗೆ ಎಲ್ಲ ಬೇಕರಿಗಳ ಎಗ್‌ಲೆಸ್ ಕೇಕಿನ ರುಚಿ ನನಗೆ ಗೊತ್ತಾಯಿತು. ಇದರಿಂದ ನನಗೆ ಬಹಳ ದುಃಖವಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜ ಹೇಳಬೇಕೆಂದರೆ ಸುಖವಾಗಿತ್ತು, ಕುರ್ಚಿಗೆ ಕುಶನ್ನೂ ಇತ್ತು.

ದುಃಖ ಬಂದದ್ದು ಒಂದು ಮಧ್ಯಾಹ್ನ. ನಾನು ಹೆರಿಗೆಗೆ ಹೋಗುವ ಮೊದಲು ಕೆ.ಆರ್. ಪುರದ ಒಂದು ಮನೆಗೆ ನಕ್ಷೆ ಮಾಡಿದ್ದೆ. ಮುಂದಕ್ಕೆ ಚಾಚಿದ ದೊಡ್ಡ ಬಾಲ್ಕನಿ, ಕೆಳಗೆ ಕಂಬವಿಲ್ಲ. ಅದರ ಮೇಲೆ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ಸಹೋದ್ಯೋಗಿ ಆ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟಿದ್ದ. ಬಾಗಿಲಲ್ಲಿ ತಿರುಗಿ, "ಈ ಬಾಲ್ಕನಿ ಯಾರು ಮಾಡಿದ್ದು? ಮಸ್ತಾಗಿದೆ ಗುರು" ಎಂದು ಆಫೀಸನ್ನೆಲ್ಲ ಉದ್ದೇಶಿಸಿ ಕೇಳಿದ. ಅವನಿಗೆ ಗೊತ್ತಿರಲಿಲ್ಲ, ಅವನ ತಪ್ಪಿಲ್ಲ. ನಾನು ಆಗ ಕೇಕಿನ ಮೇಲೆ ಯಾರ ಹೆಸರು ಬರೆಯಬೇಕೆಂದು ಬೇಕರಿಯವನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಫೋನಿಟ್ಟು ಬಾತ್‌ರೂಮಿಗೆ ಹೋಗಿ ಅತ್ತೆ. ನನ್ನ ಬಾಲ್ಕನಿ ಅದು. ನನ್ನದು.

ಹೊರಗೆ ಬಂದಾಗ ಮೇಡಂ ನನ್ನ ಕೆಂಪು ಕಣ್ಣು ನೋಡಿದರು. ಸಾಹೇಬರ ರೂಮಿಗೆ ಹೋಗಿ ಅರ್ಧ ಗಂಟೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಜಗಳವಾಡಿದರು. ಸಾಹೇಬರಿಗೆ ತಮಿಳು ಬರುತ್ತಿರಲಿಲ್ಲ, ಅದು ಸಹಾಯವಾಗಿರಬೇಕು. ಕೊನೆಗೆ ಒಪ್ಪಂದವಾಯಿತು: ಕೆ.ಆರ್. ಪುರದ ಮೊದಲ ಮೋಲ್ಡಿಗೆ ನಾನು ಹೋಗುವುದು, ಮೇಡಂ ಜೊತೆಗಿರುವುದು. ಸರಿಯಾಗಿ ಆದರೆ ಆ ಸೈಟು ನನ್ನದು. ಆಗದಿದ್ದರೆ ಆ ಸಹೋದ್ಯೋಗಿಯದು, ನನಗೆ ಖಾಯಂ ಆಗಿ ಟೆಂಡರು ಮತ್ತು ಕೇಕು.

ಆ ದಿನ ಬೆಳಿಗ್ಗೆ ಆಟೋದಲ್ಲಿ ಹೋಗುವಾಗ ಇಂದಿರಾನಗರದ ಹಲ್ಲಿನ ಕ್ಲಿನಿಕ್ಕಿನ ಮುಂದೆ ಎಂದಿನಂತೆ ನಿಂತೆವು. ವಾಪಸ್ ಬಂದು ಕೂತ ಮೇಡಂ ಇದ್ದಕ್ಕಿದ್ದಂತೆ ಮಾತಾಡಿದರು. "ಮಗಳು ಹುಟ್ಟಿದಾಗ ನಂಗೂ ಕೊಟ್ರು ಕಣ್ಣಾ, ಆಫೀಸಲ್ಲಿ ಕುರ್ಚಿ. ಸ್ವಲ್ಪ ದಿನ ಅಂದ್ರು. ನಾನು ಎದ್ದೇಳೋ ಹೊತ್ಗೆ ಅವಳು ಐದನೇ ಕ್ಲಾಸು. ನನ್ ಜೊತೆ ಸೇರಿದವ್ರೆಲ್ಲ ಸ್ವಂತ ಆಫೀಸ್ ಇಟ್ಕೊಂಡಿದ್ರು."

"ಸಿಟ್ಟು ಬರ್ಲಿಲ್ವಾ ಮೇಡಂ?"

"ಯಾರ್ ಮೇಲೆ ಬರ್ಬೇಕು? ಯಾರೂ ಬೈದಿರ್ಲಿಲ್ಲ. ಬೈದಿದ್ರೆ ಎದುರು ಮಾತಾಡ್ಬಹುದಿತ್ತು." ಹೊರಗೆ ನೋಡುತ್ತಾ ಬಾಟಲಿಯ ನೀರು ಕುಡಿದರು. ನಾನೂ ಒಂದು ಗುಟುಕು ಇಸಿದುಕೊಂಡು ಕುಡಿದೆ.

ಸೈಟಿನಲ್ಲಿ ಪೂಜೆಗೆ ಎಲ್ಲ ಸಿದ್ಧವಾಗಿತ್ತು. ಓನರು ರೈಲ್ವೆಯಿಂದ ನಿವೃತ್ತರಾದವರು, ಹೊಸ ಪಂಚೆ ಉಟ್ಟಿದ್ದರು. ರಾಹುಕಾಲ ಶುರುವಾಗುವ ಮೊದಲು ಮೊದಲ ಬಾಂಡ್ಲಿ ಬೀಳಲೇಬೇಕು ಎಂದು ಹಿಂದಿನ ದಿನದಿಂದ ನಾಲ್ಕು ಸಲ ಫೋನ್ ಮಾಡಿದ್ದರು. ಕಾಂಕ್ರೀಟಿನ ಲಾರಿ ಸ್ಟೇಷನ್ ಹತ್ತಿರದ ಟ್ರಾಫಿಕ್ಕಿನಲ್ಲಿತ್ತು. ಮೇಡಂ ಕೆಳಗೆ ಕಂಬಗಳನ್ನು ನೋಡುತ್ತಿದ್ದರು. ನಾನು ಏದುಸಿರು ಬಿಡುತ್ತಾ ಏಣಿ ಹತ್ತಿ ಛಾವಣಿಯ ಮೇಲೆ ಬಂದೆ. ಹೆರಿಗೆಯ ನಂತರ ನಾನು ಹತ್ತಿದ ಮೊದಲ ಏಣಿ. ಬಹುಮಾನ ಸಿಗಬೇಕಾದ ಸಾಧನೆ ಎಂದು ನನಗೆ ಅನಿಸಿತು, ಮೇಸ್ತ್ರಿಗೂ ಅನಿಸಿರಬೇಕು. ಅವನು ಯಾದಗಿರಿ ಕಡೆಯವನು.

"ಬರ್ರಿ ಅಕ್ಕಾರ, ಬಾಣಂತಿ ಮೈ, ಬಿಸಿಲಾಗ ಯಾಕ ನಿಂದರ್ತೀರಿ? ಕುಂದರ್ರಿ" ಎಂದ. ಗಾಳಿ ಬರಲೆಂದು ಬಾಲ್ಕನಿಯ ತುದಿಯಲ್ಲಿ, ಕಟ್ಟಿದ ಕಂಬಿಗಳ ಮೇಲೆ ಒಂದು ಹಲಗೆ ಹಾಸಿ, ಅದರ ಮೇಲೆ ಕುರ್ಚಿ ಹಾಕಿಸಿದ್ದ. ಪಕ್ಕದ ಕೋಲಿಗೆ ಕೊಡೆಯನ್ನೂ ಕಟ್ಟಿಸಿದ್ದ. ನಾನು ಕೂತೆ. ಕೆಳಗೆ ಹಳೇ ಮದ್ರಾಸ್ ರಸ್ತೆಯ ಹಾರ್ನು, ಮೇಲೆ ಕೊಡೆ, ಕೈಯಲ್ಲಿ ಎಳನೀರು. ನಾನು ಮತ್ತೆ ಕೆಲಸಕ್ಕೆ ಬಂದೆ, ಎಂಥಾ ಹೆಂಗಸು ನಾನು ಎಂದು ನನ್ನ ಬಗ್ಗೆಯೇ ಹೆಮ್ಮೆ ಉಕ್ಕಿ ಬಂತು.

ಮೇಡಂ ಮೇಲೆ ಬಂದರು. ನನ್ನ ಮುಖ ನೋಡಲಿಲ್ಲ, ಕುರ್ಚಿಯ ಕಾಲು ನೋಡಿದರು.

"ಏಳು."

ಎದ್ದೆ. ಹಲಗೆ ಸರಿಸಿದರು. ಅದರ ಕೆಳಗೆ ಮೇಲುಸಾಲಿನ ಕಂಬಿಗಳೆಲ್ಲ ಆನಿಕೆ ಜಾರಿ ಕೆಳಗಿಳಿದು ಮಲಗಿದ್ದವು. ಚಾಚಿದ ಬಾಲ್ಕನಿಯನ್ನು ಹಿಡಿದುಕೊಳ್ಳುವುದೇ ಆ ಮೇಲಿನ ಕಂಬಿ. ಅದು ಕೆಳಗಿಳಿದರೆ, ಅಡಿಯಿಂದ ಆಸರೆ ಕೊಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚಿದ ದಿನವೇ ಬಾಲ್ಕನಿ ತಲೆ ಬಗ್ಗಿಸುತ್ತದೆ, ಯಾರು ನಿಂತಿದ್ದರೆ ಅವರನ್ನು ಕರೆದುಕೊಂಡು ಬೀಳುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ನನ್ನ ನಕ್ಷೆಯಲ್ಲಿ ದಪ್ಪಕ್ಷರದಲ್ಲಿ ಬರೆದವಳೂ ನಾನೇ. ವಾರಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಬಾಲ್ಕನಿಯನ್ನು ಅದರ ಮೇಲೆಯೇ ಕೂತು, ಎಳನೀರು ಕುಡಿಯುತ್ತಾ, ನನ್ನ ಸ್ವಂತ ಭಾರದಿಂದ ನಾನು ಹಾಳು ಮಾಡಿದ್ದೆ.

"ನೀನೇ ನಿಲ್ಸ್‌ಬೇಕು. ನಾನ್ ಬಾಯಿ ಬಿಡಲ್ಲ" ಎಂದು ಮೇಡಂ ತಮ್ಮ ಬ್ಯಾಗನ್ನು ತಂದು ಏಣಿಯ ಬಳಿ ಕಂಬಿಯಿಲ್ಲದ ಕಡೆ ಸರಿಸಿದ್ದ ಅದೇ ಕುರ್ಚಿಯಲ್ಲಿ ಕೂರಿಸಿದರು.

ನಾನು, "ಸ್ವಲ್ಪ ನಿಲ್ಸ್ತೀರಾ?" ಎಂದೆ. ಯಾರಿಗೂ ಕೇಳಿಸಲಿಲ್ಲ. ನನಗೇ ಸರಿಯಾಗಿ ಕೇಳಿಸಲಿಲ್ಲ. ಎರಡನೇ ಸಲ ಕೂಗಿದಾಗ ಮೇಸ್ತ್ರಿ, "ಏನಾಗಂಗಿಲ್ರಿ ಅಕ್ಕಾರ, ಎತ್ತಿ ಸರಿ ಮಾಡ್ತೀವಿ, ಮಾಲು ಹಾಕ್ಕೋತ ಹಾಕ್ಕೋತ" ಎಂದ. ಓನರು ಗಡಿಯಾರ ತೋರಿಸಿದರು. ಅಷ್ಟರಲ್ಲಿ ಲಾರಿಯೂ ಬಂತು. ನಾನು ಹೂಂ ಅನ್ನದಿದ್ದಾಗ ಓನರು ಫೋನ್ ತೆಗೆದು ಸಾಹೇಬರಿಗೆ ದೂರು ಕೊಟ್ಟರು. ಮರುಕ್ಷಣ ನನ್ನ ಫೋನ್ ಬಡಿದುಕೊಂಡಿತು.

"ಅಮ್ಮಾ, ಇಷ್ಟು ಬೇಗ ನಿಮ್ಮನ್ನ ಸೈಟಿಗೆ ಕಳಿಸಿದ್ದು ನನ್ ತಪ್ಪು" ಎಂದರು ಸಾಹೇಬರು, ತಂದೆಯ ಧ್ವನಿಯಲ್ಲಿ. "ನೀವು ಟೆನ್ಷನ್ ಮಾಡ್ಕೋಬೇಡಿ. ಮನೆಗೆ ಹೋಗಿ ಮಗು ನೋಡ್ಕೊಳ್ಳಿ. ಅವನನ್ನ ಈಗ್ಲೇ ಕಳಿಸ್ತೀನಿ."

ಹೂಂ ಎನ್ನುವುದಷ್ಟೇ ಬಾಕಿ. ನನ್ನ ನಾಲಿಗೆ ಆಗಲೇ ಹೂಂ ಎನ್ನಲು ಮಡಿಚಿಕೊಂಡಿತ್ತು. ಮೇಡಂ ಏಣಿಯ ಬಳಿ ನಿಂತು ಎತ್ತಲೋ ನೋಡುತ್ತಿದ್ದರು, ಚಿಲಕದ ಪರೀಕ್ಷೆಯಾಗುವಾಗ ನಾವು ನೋಡುತ್ತಿದ್ದ ಹಾಗೆ. ಸಾಹೇಬರ ಮಾತಿಗೆ ಎದುರಾಡುವ ಧೈರ್ಯ ನನ್ನಲ್ಲಿರಲಿಲ್ಲ. ಹಾಗಾಗಿ, "ಹಲೋ? ಸಾರ್? ಹಲೋ? ಇಲ್ಲಿ ಸಿಗ್ನಲ್ ಇಲ್ಲ ಸಾರ್" ಎಂದು ಅವರು ಮಾತಾಡುತ್ತಿರುವಾಗಲೇ ಕಟ್ ಮಾಡಿದೆ. ನನ್ನ ಜೀವನದ ಮೊದಲ ಬಂಡಾಯ ಹೀಗೆ ನೆಟ್‌ವರ್ಕಿನ ನೆಪದಲ್ಲಿ ನಡೆಯಿತು.

ಆಮೇಲೆ ಏನೋ ಬಂದುಬಿಟ್ಟಿತು ಮೈಮೇಲೆ. ಪೂಜೆ ಮಾಡಿ, ಮೊದಲ ಬಾಂಡ್ಲಿ ಆ ಮೂಲೆಯಲ್ಲಿ ಹಾಕಿ, ಅಲ್ಲಿಂದ ಸುರಿದುಕೊಂಡು ಬನ್ನಿ ಎಂದೆ. ಬಾಲ್ಕನಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಈ ಕಂಬಿಗಳೆಲ್ಲ ಮೇಲೇಳಬೇಕು, ಹೊಸ ಆನಿಕೆ ಕೊಡಬೇಕು, ನಾನು ಕೈಯಿಟ್ಟು ನೋಡುವವರೆಗೂ ಇಲ್ಲಿ ಒಂದು ಬಾಂಡ್ಲಿ ಬಿದ್ದರೆ ಇವತ್ತಿನ ಕೆಲಸವೇ ಬಂದ್ ಎಂದೆ. ಓನರಿಗೆ ರಾಹುಕಾಲ ತಪ್ಪಿದ್ದೇ ಸಮಾಧಾನ, ತೆಂಗಿನಕಾಯಿ ಒಡೆದರು. ಮೇಸ್ತ್ರಿ ನನ್ನನ್ನು ಹೊಸದಾಗಿ ನೋಡುವವನಂತೆ ನೋಡಿ, "ಆತ್ರೀ" ಎಂದ.

ನಾನು ಬಗ್ಗಿ ಕಂಬಿ ನೋಡುತ್ತಿದ್ದಾಗ ಕುರ್ತಾದ ಮುಂಭಾಗ ಒದ್ದೆಯಾಯಿತು. ಹಾಲು. ಮಗು ಕುಡಿಯುವ ಹೊತ್ತು ದಾಟಿತ್ತು. ದುಪಟ್ಟಾ ಎಳೆದುಕೊಂಡರೂ ಬಾಂಡ್ಲಿ ಹೊತ್ತು ಬಂದ ಹೆಂಗಸೊಬ್ಬಳಿಗೆ ಕಂಡುಬಿಟ್ಟಿತು. ಅವಳದೂ ಒಂದು ಕೂಸು ಕೆಳಗೆ ಸೀರೆಯ ಜೋಲಿಯಲ್ಲಿ ಮಲಗಿತ್ತು. ಹತ್ತಿರ ಬಂದು ಮೆಲ್ಲಗೆ, "ಹಾಲು ಕಟ್ಟೇತಿ ಯಕ್ಕಾ. ಹೋಗಿ ಹಿಂಡಿ ಬಾ. ಸಂಡಾಸಕ್ಕ ಚಿಲಕ ಐತಿ" ಎಂದಳು.

ಹೋದೆ. ತಗಡಿನ ಬಾಗಿಲು ಹಾಕಿ ಚಿಲಕ ಸರಿಸಿದೆ. ಮೇಡಂ ಅಲ್ಲಾಡಿಸಿ ನೋಡಿ ಒಪ್ಪಿದ್ದ ಚಿಲಕ. ಗೋಡೆಗೆ ಒರಗಿ ಹಾಲು ಹಿಂಡುತ್ತಾ, ನೋವಿಗೋ ಸುಖಕ್ಕೋ ಅಳು ಬಂತು. ಆ ಒಂದು ಚಿಲಕ ಇರದಿದ್ದರೆ ನಾನು ಆಗಲೇ ಆಟೋ ಹತ್ತಿ ಕಮ್ಮನಹಳ್ಳಿಗೆ ಹೋಗಿಬಿಡುತ್ತಿದ್ದೆ, ಬಾಲ್ಕನಿಯೂ ಹೋಗುತ್ತಿತ್ತು, ಸೈಟೂ ಹೋಗುತ್ತಿತ್ತು. ಮುಖ ತೊಳೆದು ಮತ್ತೆ ಏಣಿ ಹತ್ತಿದೆ.

ಸಂಜೆ ಕೊನೆಯ ಬಾಂಡ್ಲಿ ಬಾಲ್ಕನಿಯ ತುದಿಗೆ ಬಿತ್ತು. ಓನರು ಎಲ್ಲರಿಗೂ ಬಿರಿಯಾನಿ ತರಿಸಿದ್ದರು. ಮೇಡಂ ಮೊಸರನ್ನದ ಡಬ್ಬಿ ಮುಚ್ಚಿಟ್ಟು, ಬಾಂಡ್ಲಿ ಹೊತ್ತ ಹೆಂಗಸರ ಜೊತೆ ನಿಂತೇ ಬಿರಿಯಾನಿ ತಿಂದರು. ಬಾಲ್ಕನಿಯ ಕಡೆ ಗದ್ದ ಎತ್ತಿ, "ಬೀಳಲ್ಲ" ಎಂದರು. ಪರವಾಗಿಲ್ಲ ಎನ್ನುವ ಮಾತನ್ನು ಈ ಸಲ ಬಿಟ್ಟಿದ್ದರು.

ಆ ಸೈಟು ನನ್ನದಾಯಿತು. ಆಮೇಲೆ ಇನ್ನೂ ಹಲವು. ಅಂದಿನಿಂದ ನಾನು ಕೂರಲೇ ಇಲ್ಲ ಎಂದು ಬರೆದರೆ ಮೇಸ್ತ್ರಿಗಳೆಲ್ಲ ನಗುತ್ತಾರೆ. ಮೇಡಂ ಇಲ್ಲದ ಕಡೆ ಸಿಮೆಂಟು ಮೂಟೆ, ಇಟ್ಟಿಗೆ ರಾಶಿ, ತಲೆಕೆಳಗಾದ ಬಕೆಟ್ಟು, ಎಲ್ಲದರ ಮೇಲೂ ಕೂತಿದ್ದೇನೆ. ಕಂಬಿಯ ಮೇಲೆ ಮಾತ್ರ ಕೂತಿಲ್ಲ. ಇಷ್ಟು ವರ್ಷದಲ್ಲಿ ಮೇಡಂ ನಂತರ ಸೇರಿದ ಇಬ್ಬರು ಗಂಡಸರು ಸಾಹೇಬರಿಗೆ ಪಾರ್ಟ್‌ನರುಗಳಾದರು. ಮೇಡಂಗೆ ಹುದ್ದೆಯ ಹಿಂದೆ 'ಸೀನಿಯರ್' ಎಂದು ಸೇರಿಸಿಕೊಟ್ಟರು. ಅದರ ಬಗ್ಗೆ ನಾನೊಮ್ಮೆ ಬಾಯಿ ಬಿಟ್ಟಾಗ, "ಆರರ ಮೇಲೆ ತೀರ್ಮಾನ ಆಯ್ತಮ್ಮಾ" ಎಂದಷ್ಟೇ ಹೇಳಿದರು. ಆ ದಿನ ಅವರು ಬೈಯಲೂ ಇಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಕೊನೆಗೆ ಅವರನ್ನು ಕೂರಿಸಿದ್ದು ಮೊಣಕಾಲು. ಏಣಿ ಹತ್ತಲೇಬಾರದು ಎಂದು ಡಾಕ್ಟರು ಹೇಳಿದರು. ಬೀಳ್ಕೊಡುಗೆಗೆ ಏನು ಕೊಡುವುದೆಂದು ತೀರ್ಮಾನಿಸಲು ಒಂದು ಸಮಿತಿಯಾಯಿತು, ನಾನೇ ಅಧ್ಯಕ್ಷೆ. ಇಷ್ಟೆಲ್ಲ ಗೊತ್ತಿದ್ದ ನಾನು ಇಂದಿರಾನಗರಕ್ಕೆ ಹೋಗಿ ಆರಿಸಿ ತಂದದ್ದು ಒಂದು ಆರಾಮ ಕುರ್ಚಿ. ಹಿಂದಕ್ಕೆ ಬಾಗುತ್ತದೆ, ಕಾಲಿಗೂ ಆಸರೆ ಏಳುತ್ತದೆ. ಬಿಚ್ಚಿದಾಗ ಮೇಡಂ ಅದನ್ನು ಸುತ್ತು ಹಾಕಿ ನೋಡಿದರು.

"ನೀನೇ ಆರ್ಸಿದ್ದಾ?"

"ಹೂಂ ಮೇಡಂ."

"ಅಂಗಡೀಲಿ ಇರೋದ್ರಲ್ಲೆಲ್ಲಾ ಕೂತು ನೋಡಿರ್ತೀಯ."

"ಹೂಂ ಮೇಡಂ."

ಎಲ್ಲರೂ ನಕ್ಕರು. ಅವರು ನಿಧಾನವಾಗಿ, ಎರಡೂ ಕೈ ಊರಿಕೊಂಡು ಕೂತರು. ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡರು.

ಸಾಹೇಬರು ಭಾಷಣ ಮಾಡಿ, ಕೊನೆಗೆ ಒಂದು ಸಂತೋಷದ ಸುದ್ದಿ ಎಂದರು. ನನ್ನ ಮಗಳು ಮುಂದಿನ ವರ್ಷ ಹತ್ತನೇ ಕ್ಲಾಸು. ಅದಕ್ಕಾಗಿ, ನನಗೆ ಅನುಕೂಲವಾಗಲಿ ಎಂದು, ನನ್ನನ್ನು ಕೋಆರ್ಡಿನೇಷನ್ ಮ್ಯಾನೇಜರ್ ಮಾಡಿದ್ದಾರೆ. ಇನ್ನು ಮೇಲೆ ಸೈಟಿಗೆ ಹೋಗಬೇಕಾಗಿಲ್ಲ. ಗಾಜಿನ ಕ್ಯಾಬಿನ್ನು, ಎ.ಸಿ., ಹೊಸ ಕುರ್ಚಿ. ಚಪ್ಪಾಳೆ ಬಿತ್ತು. ಹತ್ತನೇ ಕ್ಲಾಸಿಗೆ ಬರುವ ಮಕ್ಕಳಿರುವ ಗಂಡಸರೂ ಆಫೀಸಿನಲ್ಲಿ ಇಬ್ಬರಿದ್ದರು, ಅವರೂ ಮನಸಾರೆ ಚಪ್ಪಾಳೆ ತಟ್ಟಿದರು. ನಾನು ಗಾಜಿನಾಚೆ ಆ ಕುರ್ಚಿಯನ್ನು ನೋಡಿದೆ. ಕರಿ ಚರ್ಮದ್ದು, ಬೆನ್ನು ಎತ್ತರದ್ದು, ಇನ್ನೂ ಪ್ಲಾಸ್ಟಿಕ್ ಕವರು ತೆಗೆದಿರಲಿಲ್ಲ. ಸುಳ್ಳು ಹೇಳುವುದಿಲ್ಲ, ನನ್ನ ಸೊಂಟ ಅದನ್ನು ನೋಡಿ ನಿಟ್ಟುಸಿರು ಬಿಟ್ಟಿತು.

ಮೇಡಂ ನನ್ನ ಕೈ ಎಳೆದು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದರು: "ಗಾಲಿ ಇದೆ ಅದಕ್ಕೆ. ತಳ್ಳಿದ ಕಡೆ ಹೋಗುತ್ತೆ."

ಸೋಮವಾರ ಕ್ಯಾಬಿನ್ನಿಗೆ ಹೋದೆ. ಕುರ್ಚಿಯ ಮೇಲೆ ನನ್ನ ಸೈಟಿನ ಬ್ಯಾಗನ್ನು ಕೂರಿಸಿ ನಾನು ಪಕ್ಕದಲ್ಲಿ ನಿಂತೆ. ಸಾಹೇಬರು ಹೂಗುಚ್ಛ ಹಿಡಿದು ಬಂದರು.

"ಯಾಕಮ್ಮಾ, ಕೂತ್ಕೊಳ್ಳಿ."

"ಬ್ಯಾಗಿಗೆ ಕಾಲು ನೋವು ಸಾರ್."

ಅವರಿಗೆ ಅರ್ಥವಾಯಿತು. ಅವರೂ ಎಷ್ಟೋ ವರ್ಷ ಆ ಮಾತನ್ನು ಕೇಳಿದ್ದವರೇ. ಆದರೂ, "ನಿಮ್ಮ ಒಳ್ಳೇದಕ್ಕೇ ಅಲ್ವಾ..." ಎಂದು ಶುರು ಮಾಡಿದರು. ಎದುರಿಗೇ ನಿಂತಿದ್ದರು, ಸಿಗ್ನಲ್ ಇಲ್ಲ ಎನ್ನುವಂತಿರಲಿಲ್ಲ.

"ಸೈಟು ನಾನೇ ನೋಡ್ಕೊತೀನಿ ಸಾರ್. ಮೇಡಂ ನೋಡ್ತಿದ್ದವೂ ನನಗೇ ಕೊಡಿ. ಮತ್ತೆ ಆರರ ಮೇಲಿನ ಮೀಟಿಂಗಿಗೆ ನನ್ನನ್ನೂ ಕರೀರಿ, ಇಲ್ಲಾ ಮೀಟಿಂಗ್ ನಾಲ್ಕಕ್ಕೆ ಇಡಿ." ಕೊನೆಯ ಪದ ಕೀರಲಾಯಿತು, ಆದರೆ ಮಾತು ಪೂರ್ತಿ ಹೊರಗೆ ಬಂತು. ಸಾಹೇಬರು ಹೂಗುಚ್ಛವನ್ನು ಎಲ್ಲಿಡಬೇಕೆಂದು ತೋಚದೆ ನನ್ನ ಬ್ಯಾಗಿನ ಮೇಲಿಟ್ಟು, "ನೋಡೋಣಮ್ಮಾ" ಎಂದು ಹೋದರು. ನೋಡುತ್ತಿದ್ದಾರೆ, ಇನ್ನೂ. ಹೋದ ವಾರದ ಮೀಟಿಂಗು ಮಾತ್ರ ನಾಲ್ಕೂವರೆಗೆ ಆಯಿತು.

ಇವತ್ತು ಮಧ್ಯಾಹ್ನ ಕೆ.ಆರ್. ಪುರದಾಚೆ ಒಂದು ಮೋಲ್ಡಿತ್ತು, ಮೇಡಂ ಶುರು ಮಾಡಿದ್ದ ಸೈಟು. ಮೇಲೆ ಹತ್ತಿ, ಎಲ್ಲ ನೋಡಿ, ಸುಸ್ತಾಗಿ ನೀರಿನ ಡ್ರಮ್ಮಿನ ಪಕ್ಕ ಇಟ್ಟಿಗೆಗಳ ಮೇಲೆ ಒಂದು ನಿಮಿಷ ಕೂತಿದ್ದೆ. ಫೋನು ಬಂತು.

"ಎಲ್ಲಿದೀಯ?"

"ಮೇಲೆ, ಮೇಡಂ."

"ಕೂತಿದೀಯಾ?"

ನಾನು ಥಟ್ಟನೆ ಎದ್ದು ನಿಂತು, "ಇಲ್ಲ ಮೇಡಂ" ಎಂದೆ. ಇಟ್ಟಿಗೆಯೊಂದು ಉರುಳಿದ ಸದ್ದು ಅವರಿಗೂ ಕೇಳಿಸಿರಬೇಕು. ಫೋನಿನಲ್ಲಿ ಅವರ ಮನೆಯ ಫ್ಯಾನು ತಿರುಗುವುದು ನನಗೂ ಕೇಳುತ್ತಿತ್ತು.

"ನಾನೀಗ ಕೂತಿದೀನಲ್ಲಾ ಕಣ್ಣಾ" ಎಂದರು. "ಇಬ್ರೂ ಕೂತ್ಬಿಟ್ರೆ ಹೆಂಗೆ?"